ಕರಿಬೇವಿನ ಕೊಲೆಗಾರರು

ಅವರು ಮೈಸೂರಿನಲ್ಲಿ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡರು ಎಂಬ ಸುದ್ದಿ ನಮ್ಮ ಹಳೆಯ ಕಾಂಪೌಂಡಿನ ವಾಟ್ಸ್ಯಾಪ್ ಗುಂಪಿಗೆ ಬಂದಾಗ ನಾನು ಆಫೀಸಿನಲ್ಲಿದ್ದೆ. ಒಂದರ ಹಿಂದೊಂದು ಕೈಮುಗಿದ ಚಿತ್ರಗಳು ಬಂದವು. ಓಂ ಶಾಂತಿಗಳು ಬಂದವು. ಆಮೇಲೆ ಈಗ ಮಂಗಳೂರಿನಲ್ಲಿ ನೆಲೆಸಿರುವ ಹರೀಶ್ ಶೆಟ್ಟರು ಬರೆದರು: "ನಮ್ಮ ಕರಿಬೇವಿನ ಕೊಲೆಗಾರರು ಹೋದ್ರಲ್ಲ ಮಾರಾಯ್ರೆ. ಒಳ್ಳೆ ಜನ." ಅದರ ಕೆಳಗೆ ನಗುವ ಮುಖಗಳೂ ಅಳುವ ಮುಖಗಳೂ ಸಮಸಮವಾಗಿ ಬಿದ್ದವು. ಸತ್ತವರನ್ನು ಹಾಗೆ ಕರೆಯಬಾರದು ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಆ ಬಿರುದನ್ನು ಅವರೇ ಹತ್ತು ಜನರ ಎದುರಿಗೆ ಸ್ವಂತ ಬಾಯಿಂದ ಒಪ್ಪಿಕೊಂಡಿದ್ದರು.

ನಾವು ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು. ಮೇಷ್ಟರೇನೂ ಅಲ್ಲ. ದೋಹಾದ ಒಂದು ವಿಮಾ ಕಂಪನಿಯಲ್ಲಿ, ಗುದ್ದಿಸಿಕೊಂಡು ಬಂದ ಕಾರುಗಳ ಗಾಯ ನೋಡಿ ತಪ್ಪು ಯಾರದೆಂದು ತೀರ್ಮಾನಿಸುವ ಕೆಲಸ ಅವರದು. ಬಾಗಿದ ಬಂಪರನ್ನು ಬೆರಳಲ್ಲಿ ಸವರಿ, "ಇದು ಹಿಂದಿನಿಂದ ಬಂದವನಲ್ಲ, ನೀವೇ ರಿವರ್ಸ್ ಹೋಗಿದ್ದು" ಎಂದು ಹೇಳಿಬಿಡುತ್ತಿದ್ದರಂತೆ. ಆದರೆ ಆ ಕೆಲಸದ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ.

"ಬೇಸ್‌ಮೆಂಟಿನ ಕಂಬಾನೇ ಓಡಿಬಂದು ಗುದ್ದಿತು ಅಂತ ಪ್ರತಿಯೊಬ್ಬನೂ ಹೇಳ್ತಾನೆ ಕಣ್ರೀ. ಈ ಊರಲ್ಲಿ ಮನುಷ್ಯರಿಗಿಂತ ಕಂಬಗಳೇ ಜಾಸ್ತಿ ಓಡಾಡ್ತವೆ. ಇದರಲ್ಲಿ ಕಂಡುಹಿಡಿಯೋದೇನಿದೆ? ಎಲ್ಲರೂ ತಪ್ಪಿತಸ್ಥರೇ. ಒಬ್ಬ ನಿರಪರಾಧಿ ಬೇಕಲ್ವಾ, ಕತೆಗೆ ಒಂದು ರುಚಿ ಇರಕ್ಕೆ?"

ರುಚಿ ಅವರಿಗೆ ಸಿಗುತ್ತಿದ್ದದ್ದು ಪುಸ್ತಕಗಳಲ್ಲಿ. ಅದೂ ಎಂಥ ಪುಸ್ತಕವೆಂದರೆ ಅಂಥದ್ದಲ್ಲ; ಇಂಗ್ಲೆಂಡಿನ ಯಾವುದಾದರೂ ಹಳ್ಳಿಯಲ್ಲಿ ಕೊಲೆ ನಡೆಯಬೇಕು. ಹಳ್ಳಿಯಲ್ಲಿ ಒಬ್ಬ ಪಾದ್ರಿ, ಒಬ್ಬ ನಿವೃತ್ತ ಕರ್ನಲ್, ಒಬ್ಬ ಡಾಕ್ಟರು, ಕಿಟಕಿ ಪರದೆಯ ಹಿಂದೆ ಸದಾ ನಿಂತಿರುವ ನಾಲ್ಕಾರು ಹೆಂಗಸರು ಇರಬೇಕು. ಹೂವಿನ ಪ್ರದರ್ಶನದ ದಿನ ಯಾರೋ ಚಹಾ ಕುಡಿದು ಬೀಳಬೇಕು. ರಕ್ತ ಹೆಚ್ಚು ಕಾಣಬಾರದು. ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಒಂದು ಹಾಲಿನಲ್ಲಿ ಸೇರಬೇಕು, ಬುದ್ಧಿವಂತರೊಬ್ಬರು ಎದ್ದು ನಿಂತು ಒಬ್ಬೊಬ್ಬರನ್ನೇ ಬಿಡಿಸುತ್ತಾ ಬಂದು ಕೊಲೆಗಾರನತ್ತ ಬೆರಳು ತೋರಿಸಬೇಕು. ಅದಾದ ಮೇಲೆ ಉಳಿದವರೆಲ್ಲ ಮತ್ತೆ ಚಹಾ ಕುಡಿಯಬೇಕು. ಇಷ್ಟು ಇಲ್ಲದ ಪುಸ್ತಕವನ್ನು ಅವರು ಕೈಯಿಂದ ಮುಟ್ಟುತ್ತಿರಲಿಲ್ಲ. ನಗರದಲ್ಲಿ ನಡೆಯುವ ಕೊಲೆ ಅವರ ಪ್ರಕಾರ ಬರೀ ಅಪರಾಧ.

ಓದುವ ಕ್ರಮ ಒಂದಿತ್ತು. ಹೊರಗೆ ಜುಲೈ ತಿಂಗಳ ಬಿಸಿಲು ಕಾರಿನ ಬಾಗಿಲ ಹಿಡಿಯನ್ನೇ ಮುಟ್ಟಗೊಡದಿರುವಾಗ, ಅವರು ಒಳಗೆ ಏಸಿಯನ್ನು ಇಳಿಯುವಷ್ಟು ಇಳಿಸಿ, ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ ಕೂರುತ್ತಿದ್ದರು. ಕೊಲೆಗೆ ಚಳಿ ಬೇಕು ಎನ್ನುವುದು ಅವರ ಸಿದ್ಧಾಂತ. "ಈ ಸೆಕೆಯಲ್ಲಿ ಯಾರಿಗೆ ರೀ ಕೊಲ್ಲೋ ಉತ್ಸಾಹ ಬರತ್ತೆ? ಒಂದು ಮಳೆ, ಒಂದು ಮಂಜು, ಒಂದು ಒದ್ದೆ ಕೊಡೆ ಇರ್ಬೇಕು."

ಅವರ ಪತ್ನಿ, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಪಕ್ಕದ ಕೋಣೆಯಲ್ಲಿ ಫ್ಯಾನಿನಡಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. "ಕೊಲೆಗಾರ ಯಾರು ಅಂತ ಎರಡನೇ ಪುಟಕ್ಕೇ ಗೊತ್ತಾಗತ್ತಂತೆ ಇವ್ರಿಗೆ. ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಅನ್ನೋದು ಮದುವೆಯಾದಾಗಿಂದ ಗೊತ್ತಾಗಿಲ್ಲ" ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. ಪುಸ್ತಕಗಳಲ್ಲಿ ಬರುವ ಸ್ಕೋನ್ ಎಂಬ ತಿಂಡಿಯನ್ನು ಅವರ ಕೈಲಿ ಒಮ್ಮೆ ಮಾಡಿಸಲಾಯಿತು. ಬನ್ನೂ ಅಲ್ಲದ ಬಿಸ್ಕತ್ತೂ ಅಲ್ಲದ ಒಂದು ಪದಾರ್ಥ ಹೊರಬಂತು. ಸಾರ್ ಅದನ್ನು ಹಾಗಲಕಾಯಿ ಗೊಜ್ಜಿನಲ್ಲಿ ಅದ್ದಿಕೊಂಡು, ಕಣ್ಣು ಮುಚ್ಚಿ, "ಥೇಟ್ ಇಂಗ್ಲೆಂಡ್" ಎಂದು ತಿಂದರು.

ಆಗಿನ್ನೂ ಅವರು ಇಂಗ್ಲೆಂಡ್ ನೋಡಿರಲಿಲ್ಲ. ಆಮೇಲೊಮ್ಮೆ ಕಂಪನಿಯ ಕೆಲಸಕ್ಕೆಂದು ಲಂಡನ್ನಿಗೆ ಹೋದವರು, ಕೆಲಸ ಮುಗಿದ ಮಾರನೆಯ ದಿನವೇ ರೈಲು ಹಿಡಿದು, ಬಸ್ಸು ಬದಲಾಯಿಸಿ ಒಂದು ಹಳ್ಳಿಗೆ ಹೋದರಂತೆ. ವಾಪಸು ಬಂದಾಗ ಮುಖ ಬಾಡಿತ್ತು.

"ಏನ್ ಸಾರ್, ಹೇಗಿತ್ತು?" ಎಂದೆ.

"ಒಂದು ಹೆಣ ಹೋಗ್ಲಿ, ಒಂದು ಜಗಳ ಇಲ್ಲ ರೀ. ಇಡೀ ದಿನ ಚರ್ಚಿನ ಮುಂದಿನ ಬೆಂಚಿನ ಮೇಲೆ ಕೂತಿದ್ದೆ. ಒಬ್ಬರೂ ಪರದೆ ಸರಿಸಿ ನೋಡಲಿಲ್ಲ! ಪರ ಊರಿನ ಕರಿ ಮನುಷ್ಯ ಮಫ್ಲರ್ ಸುತ್ತಿಕೊಂಡು ಕೂತಿದಾನೆ, ಅನುಮಾನ ಬೇಡ್ವಾ? ಮನೆಗಳಿಗೆಲ್ಲ ಬೀಗ. ಎಲ್ಲ ಲಂಡನ್ನಿಗೆ ಕೆಲಸಕ್ಕೆ ಹೋಗಿದಾರಂತೆ. ಪೋಸ್ಟಾಫೀಸಲ್ಲಿ ಯೋಗ ಕ್ಲಾಸು. ಟೀ ಅಂಗಡಿಯಾಕೆ ಕೊಟ್ಟಾಯಂನವಳು. ದೋಹಾದಿಂದ ಬಂದೆ ಅಂದ್ರೆ, 'ನಮ್ಮ ಅಕ್ಕ ಅಲ್ಲೇ ನರ್ಸು' ಅಂದ್ಲು."

ಕೊನೆಗೆ, "ಅದಕ್ಕಿಂತ ನಮ್ಮ ಮದೀನತ್ ಖಲೀಫಾನೇ ವಾಸಿ" ಎಂದರು.

ಅದು ಬೇಸರದ ಮಾತಾಗಿರಲಿಲ್ಲ, ಒಂದು ಸಂಶೋಧನೆಯಾಗಿತ್ತು. ಅಂದಿನಿಂದ ಅವರಿಗೆ ದೋಹಾದ ಆ ಬಡಾವಣೆಯಲ್ಲಿದ್ದ ನಮ್ಮ ವಿಲ್ಲಾವೇ ಇಂಗ್ಲೆಂಡಿನ ಹಳ್ಳಿಯಾಗಿ ಕಾಣತೊಡಗಿತು. ಒಂದು ದೊಡ್ಡ ಕುಟುಂಬಕ್ಕೆಂದು ಕಟ್ಟಿದ ಮನೆಯನ್ನು ಜಿಪ್ಸಮ್ ಹಲಗೆಯಿಂದ ನಾಲ್ಕು ಪೋರ್ಷನ್ ಮಾಡಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಒಬ್ಬರ ಮನೆಯ ಮಿಕ್ಸಿ ಶಬ್ದಕ್ಕೆ ಇನ್ನೊಬ್ಬರ ಮನೆಯಲ್ಲಿ ಚಟ್ನಿ ಯಾವುದೆಂದು ಗೊತ್ತಾಗುತ್ತಿತ್ತು. "ಹಳ್ಳಿ ಅಂದ್ರೇನು? ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರಬೇಕು, ಯಾರಿಗೂ ಏನೂ ಗೊತ್ತಿಲ್ಲದ ಹಾಗೆ ನಡ್ಕೋಬೇಕು. ಇಲ್ಲೇ ಇದೆಯಲ್ರೀ!" ಎಂದು ಪಾತ್ರಗಳನ್ನು ಹಂಚಿಬಿಟ್ಟರು. ಶೆಟ್ಟರು ಸೆಕ್ಯುರಿಟಿ ಕಂಪನಿಯೊಂದರಲ್ಲಿ ಮೇಲ್ವಿಚಾರಕರು, ಜೊತೆಗೆ ಮೀಸೆ ಇತ್ತು, ಅವರು ಕರ್ನಲ್. ನಾನೊಮ್ಮೆ ಮೊಬೈಲ್ ನೋಡಿಕೊಂಡು ಸತ್ಯನಾರಾಯಣ ಕಥೆ ಓದಿದ್ದರಿಂದ ಪಾದ್ರಿ. ನಾಲ್ಕನೆಯ ಪೋರ್ಷನ್‌ನಲ್ಲಿ ಕಾರ್ಕಳದ ಕಡೆಯ ವಿನೋದಕ್ಕ ಮತ್ತು ಅವರ ಗಂಡ ಇದ್ದರು. ಗಂಡ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ಇಬ್ಬರೂ ಮೃದುವಾದ ಜನ, ಹೆಚ್ಚು ಮಾತಿಲ್ಲ. "ಇವರಿಗೇನು ಪಾತ್ರ ಸಾರ್?" ಎಂದರೆ, "ಇಂಥವರು ಇರ್ತಾರೆ ಕಣ್ರೀ ಪುಸ್ತಕದಲ್ಲಿ. ಸುಮ್ನೆ ಇರ್ತಾರೆ" ಎಂದರು.

ಊರು, ಪಾತ್ರಗಳು ಎಲ್ಲ ಸಿದ್ಧವಾಗಿ ಕೊಲೆಯೊಂದು ಬಾಕಿ ಇರುವಾಗ, ಹಿತ್ತಿಲ ಕರಿಬೇವು ಸತ್ತಿತು.

ಪರದೇಶದಲ್ಲಿ ಕರಿಬೇವಿನ ಗಿಡ ಎಂದರೆ ಏನೆಂದು ಊರಿನಲ್ಲಿರುವವರಿಗೆ ಹೇಳಿ ತಿಳಿಸುವುದು ಕಷ್ಟ. ಮೇಡಂ ಅದರ ಸಸಿಯನ್ನು ಮೈಸೂರಿನಿಂದ ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟು ತಂದಿದ್ದರು. ಆ ಮರಳಿನಲ್ಲಿ, ಆ ಬಿಸಿಗಾಳಿಯಲ್ಲಿ ಅದು ಬದುಕಿ, ಕಾಂಪೌಂಡ್ ಗೋಡೆಗಿಂತ ಎತ್ತರವಾಗಿ, ನಾಲ್ಕು ಮನೆಗಳ ಒಗ್ಗರಣೆಗೆ ಎಲೆ ಕೊಡುತ್ತಿತ್ತು. ಗಿಡಕ್ಕೆ ನೀರು ಹಾಕುತ್ತಿದ್ದವನು ಗೇಟಿನ ಪಕ್ಕದ ಕೋಣೆಯಲ್ಲಿದ್ದ ಕಾವಲುಗಾರ ಹಾರಿಸ್, ಮಲಪ್ಪುರಂ ಕಡೆಯವನು. ಎಲ್ಲರ ಜೊತೆ ಇದ್ದು ಅವನಿಗೆ ನಮ್ಮ ಮಾತೂ ಬರುತ್ತಿತ್ತು. ಮೊದಲು ಎಲೆ ಹಳದಿಯಾಯಿತು, ಆಮೇಲೆ ಉದುರಿತು, ಒಂದು ಬೆಳಿಗ್ಗೆ ನೋಡಿದರೆ ಕಡ್ಡಿಗಳ ಗೊಂಚಲು ನಿಂತಿತ್ತು. ಮೇಡಂ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು.

ಶೆಟ್ಟರಿಗೆ ಸಂಶಯವೇ ಇರಲಿಲ್ಲ. "ಅವನೇ. ಕಾರು ತೊಳೆದ ಸೋಪಿನ ನೀರು ಬುಡಕ್ಕೆ ಚೆಲ್ತಾನೆ, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ಮಾಲೀಕರ ಪರವಾಗಿ ವಿಲ್ಲಾ ನೋಡಿಕೊಳ್ಳುವ ಮ್ಯಾನೇಜರ್‌ಗೆ ಫೋನು ಮಾಡಿಬಿಟ್ಟರು. ನಾವು ಮುದೀರ್ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಗಿಡವೂ ಒಂದೇ, ಹಾರಿಸನೂ ಒಂದೇ. ಬೇರೆ ಕಾವಲುಗಾರನನ್ನು ತರುತ್ತೇನೆ, ಇವನು ಖಲಾಸ್ ಎಂದ.

ಹಾರಿಸ್ ಸಾರ್ ಮನೆ ಬಾಗಿಲಿಗೆ ಬಂದು ನಿಂತ. "ಞಾನಲ್ಲ ಸಾರ್. ಸೋಪ್ ನೀರು ನಾನು ಗೇಟಿನ ಹೊರಗೆ ಹಾಕುವುದು. ಆ ಗಿಡ ನನ್ನ ಮಗುವಿನ ಹಾಗೆ ಅಲ್ವಾ ಸಾರ್."

ಸಾರ್ ಮುಖದಲ್ಲಿ ಕರುಣೆಗಿಂತ ಹೆಚ್ಚಾಗಿ ಬೆಳಕು ಮೂಡಿದ್ದನ್ನು ನಾನು ಕಂಡೆ. ಕೊನೆಗೂ ಅವರಿಗೊಬ್ಬ ನಿರಪರಾಧಿ ಸಿಕ್ಕಿದ್ದ.

"ಹೆದರ್ಬೇಡ ಹಾರಿಸ್. ಕೆಲಸದವರು ಕೊಲೆ ಮಾಡಿರೋದು ಇಲ್ಲೀವರೆಗೂ ನಾನು ಓದಿಲ್ಲ" ಎಂದು ಅವನ ಹೆಗಲು ತಟ್ಟಿದರು. ಹಾರಿಸನಿಗೆ ಇದರಿಂದ ಎಷ್ಟು ಸಮಾಧಾನವಾಯಿತೋ ತಿಳಿಯದು.

ತನಿಖೆ ಶುರುವಾಯಿತು. ಆಫೀಸಿನಿಂದ ಟಾರ್ಚು ಬಂತು, ಕಾರಿನ ಬಣ್ಣದ ದಪ್ಪ ಅಳೆಯುವ ಒಂದು ಸಾಧನವೂ ಬಂತು. ಗಿಡಕ್ಕೆ ಅದರಿಂದ ಏನು ಮಾಡಿದರೆಂದು ನಾನು ಕೇಳಲಿಲ್ಲ. ಬುಡದ ಬಳಿ ಮಂಡಿಯೂರಿ ಮಣ್ಣು ಮೂಸಿದರು. ಬೆಳಿಗ್ಗೆ ವಾಕಿಂಗ್ ಎಂದು ಹೇಳಿ ವಿಲ್ಲಾದ ಸುತ್ತಲೇ ತಿರುಗಿದರು. ನಮ್ಮ ಮನೆಗೆ ಬಂದು ನನ್ನ ಹೆಂಡತಿಯನ್ನು ಕೂರಿಸಿಕೊಂಡು, "ಗಿಡ ಒಣಗಿದ ಮೇಲೆ ನೀವು ಚಿತ್ರಾನ್ನ ಮಾಡಿದ್ರಿ. ಒಗ್ಗರಣೆಗೆ ಕರಿಬೇವು ಎಲ್ಲಿಂದ ಬಂತು?" ಎಂದು ಕೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಕಾಫಿ ನಿಂತಿತು. ಶೆಟ್ಟರ ಚಪ್ಪಲಿಯ ಅಡಿ ನೋಡಲು ಹೋಗಿ ಮಾತಿಗೆ ಮಾತು ಬೆಳೆಯಿತು. ಮೇಡಂ, "ಸತ್ತ ಗಿಡಕ್ಕಿಂತ ಇವ್ರ ಕಾಟವೇ ಜಾಸ್ತಿಯಾಯ್ತು" ಎಂದು ಎಲ್ಲರ ಕ್ಷಮೆ ಕೇಳುತ್ತಾ ತಿರುಗಿದರು.

ಒಂದು ದಿನ ನನ್ನನ್ನು ಗೇಟಿನ ಬಳಿ ಹಿಡಿದು, "ಸಿಕ್ಕಿತು" ಎಂದರು. ಶರಟಿನ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣವಿತ್ತು, ಅದನ್ನು ತಟ್ಟಿ ತೋರಿಸಿದರು. "ಶುಕ್ರವಾರ ನಮಾಜು ಮುಗಿದ ಮೇಲೆ ನಮ್ಮನೇಲಿ ಎಲ್ಲರೂ ಸೇರ್ತಾ ಇದೀವಿ. ಕೊನೇ ಅಧ್ಯಾಯ. ಮುದೀರ್‌ಗೂ ಬರಕ್ಕೆ ಹೇಳಿದೀನಿ, ಅಲ್ಲೀವರೆಗೂ ಹಾರಿಸನ್ನ ತೆಗೀಬೇಡ ಅಂತ. ಪೊಲೀಸ್ ಇನ್‌ಸ್ಪೆಕ್ಟರ್ ಇರ್ಲೇಬೇಕಲ್ಲ, ಏನೂ ಅರ್ಥವಾಗದೆ ಕೂತ್ಕೊಳ್ಳೋಕೆ."

ಆ ಶುಕ್ರವಾರ ಅವರ ಹಾಲಿನಲ್ಲಿ ನಾಲ್ಕು ಮನೆಗಳ ಕುರ್ಚಿಗಳೂ ಸೇರಿದ್ದವು. ಏಸಿ ಕೊರೆಯುತ್ತಿತ್ತು. ಚಹಾ ಕಪ್ಪು ಸಾಸರಿನಲ್ಲೇ ಬರಬೇಕೆಂದು ಹೊಸ ಸೆಟ್ಟನ್ನೇ ತಂದಿದ್ದರು. ಸಾರ್ ಸ್ವೆಟರ್ ತೊಟ್ಟು ನಿಂತಿದ್ದರು. ಅವರನ್ನು ಅಷ್ಟು ಸುಖಿಯಾಗಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮುದೀರ್ ಸೋಫಾದಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದ. ಒಳಗೆ ಬಾ ಎಂದು ಕರೆದರೂ ಹಾರಿಸ್ ಬಾಗಿಲಲ್ಲೇ ನಿಂತ.

"ಈ ಕೊಲೆ," ಎಂದು ಇಂಗ್ಲಿಷು ಕನ್ನಡ ಎರಡರಲ್ಲೂ ಶುರುಮಾಡಿದರು, "ಹೊರಗಿನವರು ಮಾಡಿದ್ದಲ್ಲ. ಕೊಲೆಗಾರ ಈ ಕೋಣೆಯಲ್ಲೇ ಇದಾನೆ."

"ಯಲ್ಲಾ, ಯಲ್ಲಾ" ಎಂದ ಮುದೀರ್, ಬೇಗ ಮುಗಿಸಿ ಎನ್ನುವಂತೆ.

ಸಾರ್ ಒಬ್ಬೊಬ್ಬರನ್ನೇ ಬಿಡಿಸುತ್ತಾ ಬಂದರು. ಹಾರಿಸ್ ಸೋಪಿನ ನೀರು ಚೆಲ್ಲುವ ಜಾಗ ಗೇಟಿನಾಚೆ, ಅಲ್ಲಿನ ಕಲ್ಲಿನ ಮೇಲೆ ಕಲೆಯಿದೆ. ಶೆಟ್ಟರು ಹಿತ್ತಿಲಿಗೆ ಹೋಗುವುದೇ ಇಲ್ಲ, ಆದ್ದರಿಂದ ಅವರು ಕಣ್ಣಾರೆ ನೋಡಿದ್ದು ಸುಳ್ಳು. ಶೆಟ್ಟರು, "ಎಂತ ಸಾರ್ ನೀವು" ಎಂದು ಮೀಸೆ ಸವರಿಕೊಂಡರು. ನನ್ನನ್ನೂ ನನ್ನ ಹೆಂಡತಿಯನ್ನೂ ಚಿತ್ರಾನ್ನ ಸಮೇತ ಖುಲಾಸೆ ಮಾಡಿದರು. ಆಮೇಲೆ ವಿನೋದಕ್ಕನ ಕಡೆ ತಿರುಗಿ, ಜೇಬಿಗೆ ಕೈ ಹಾಕಿದರು.

ವಿನೋದಕ್ಕ ಕುಡಿಯದ ಕಪ್ಪನ್ನು ಕೆಳಗಿಟ್ಟರು. ಅವರ ಗಂಡ ನೆಲಹಾಸನ್ನು ನೋಡುತ್ತಿದ್ದರು. ಎರಡೂ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಮೇಷ್ಟರ ಏಟಿಗೆ ಕಾಯುವ ಹುಡುಗನಂತೆ.

ಸಾರ್ ಆ ಕೈಗಳನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಮುದೀರ್ ಕೂಡ ಮೊಬೈಲಿನಿಂದ ತಲೆಯೆತ್ತಿದ. ಜೇಬಿನಿಂದ ಕೈ ಬರಿದೇ ಹೊರಬಂತು. ಕೆಮ್ಮಿದರು. ನೀರು ಕೇಳಿದರು. ಕುಡಿದರು.

"ಕೊಲೆಗಾರ ನಾನೇ" ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಗೊಬ್ಬರ. ಸೂಕ್ ಸಂತೆಯಿಂದ ರಸಗೊಬ್ಬರ ತಂದಿದ್ದೆ. ಬೇಗ ಚಿಗುರಲಿ ಅಂತ ಒಂದು ಹಿಡಿ ಜಾಸ್ತಿ ಹಾಕ್ದೆ. ಬುಡ ಸುಟ್ಟುಹೋಯ್ತು. ಇದು ಬಹಳ ಅಪರೂಪದ ಪ್ರಕರಣ. ಪತ್ತೆ ಮಾಡೋನೇ ಕೊಲೆಗಾರ."

ಆಮೇಲೆ ಶೆಟ್ಟರು ನಗತೊಡಗಿದರು, ನಗುತ್ತಾ ನಗುತ್ತಾ ಕೆಮ್ಮು ಬಂತು. ಮೇಡಂ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದವರು ಅಲ್ಲೇ ನಿಂತರು. "ನಂಗೆ ಮೊದಲ ದಿನವೇ ಗೊತ್ತಿತ್ತು. ನಿಮ್ಮ ಕೈ ತಾಗಿದ್ದು ಯಾವುದು ಉಳಿದಿದೆ ಹೇಳಿ? ನಮ್ಮಮ್ಮ ಕೊಟ್ಟ ಗಿಡ!" ಮುದೀರ್‌ಗೆ ನಾನು ವಿಷಯ ಹೇಳಿದೆ. ಅವನು ಹಾರಿಸನನ್ನು ನೋಡಿ, ಸಾರ್ ಅವರನ್ನು ನೋಡಿ, "ಖಲಾಸ್, ಮಾಫಿ ಮುಷ್ಕಿಲ್" ಎಂದು, ತೊಂದರೆಯಿಲ್ಲವೆಂದು ಕೈ ಕೊಡವಿ ಎದ್ದುಹೋದ. ಹಾರಿಸ್ ಉಳಿದುಕೊಂಡ.

ಅದೇ ಸಂಜೆ ಸಾರ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿದರು. ಕರಕ್ ಚಹಾ ಕಾರಿಗೇ ಬಂತು. ಕಾಗದದ ಲೋಟ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಬೆಂಕಿಪೊಟ್ಟಣ ತೆಗೆದು ನನ್ನ ಅಂಗೈ ಮೇಲೆ ಕೊಡವಿದರು. ಒಂದು ಒಣಗಿದ ಅನ್ನದ ಅಗುಳು. ಕೆಂಪು, ದಪ್ಪ.

"ಕುಚ್ಚಲಕ್ಕಿ! ಗಿಡದ ಬುಡದಲ್ಲಿ ಸಿಕ್ಕಿದ್ದು. ನಮ್ಮನೇಲಿ ಸೋನಾ ಮಸೂರಿ, ನಿಮ್ಮನೇಲೂ ಅದೇ. ಶೆಟ್ಟರಿಗೆ ಸಕ್ಕರೆ ಕಾಯಿಲೆ, ಬರೀ ಚಪಾತಿ. ಹಾರಿಸ್ ರೂಮಲ್ಲಿ ಒಲೇನೇ ಇಲ್ಲ, ಹೋಟೆಲಿನ ಖುಬೂಸು ರೊಟ್ಟಿ. ಉಳಿದೋರು ಯಾರು? ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟಿದೆ, ಅವರ ಅಡುಗೆಮನೆ ಬಾಗಿಲಿನ ಕಡೆಗೆ ಮಾತ್ರ. ಗಂಜಿ! ಒಲೆಯಿಂದ ಇಳಿಸಿ ಅನ್ನ ಬಸಿದ, ಕುದೀತಾ ಇರೋ ಗಂಜಿ ಹಾಗೇ ಬುಡಕ್ಕೆ. ಯಾವ ಬೇರು ತಡ್ಕೊಳ್ಳತ್ತೆ? ಈಗ ಕೇಳಿ. ಇಬ್ಬರೇ ಇರೋ ಮನೇಲಿ ಅಷ್ಟು ಗಂಜಿ ಯಾಕೆ? ಬೆಳಿಗ್ಗೆ ಗಂಡ ಹೋಗ್ತಾ ಎರಡೆರಡು ದೊಡ್ಡ ಬ್ಯಾಗ್ ಒಯ್ತಾನೆ, ಊಟಕ್ಕೆ ಅಂತಾನೆ. ಒಬ್ಬ ಮನುಷ್ಯ ಎಷ್ಟು ತಿಂತಾನೆ ರೀ? ಅವರು ಅಡುಗೆ ಮಾಡಿ ರೂಮುಗಳಿಗೆ ಕೊಡ್ತಾ ಇದಾರೆ, ನಮ್ಮ ಕಡೆ ಬ್ಯಾಚುಲರ್ ಹುಡುಗರಿಗೆ. ಅವನ ಕಂಪನಿಗೆ ಫೋನ್ ಮಾಡಿ ಕೇಳ್ದೆ. ಕೆಲಸ ಹೋಗಿ ಎಷ್ಟೋ ಕಾಲವಾಯ್ತು ಅಂದ್ರು."

ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ಚಹಾ ಕುಡಿಯುವುದನ್ನೇ ಮರೆತಿದ್ದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಅಡುಗೆ ಮಾಡಿ ಮಾರುವುದು ಹೊರಗೆ ಬಂದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನದ ಸಭೆಯಲ್ಲಿ ಮುದೀರ್ ಎದುರಿಗೇ ಕುಳಿತಿದ್ದ.

"ಇದೆಲ್ಲ ಮೊದಲೇ ಗೊತ್ತಿದ್ದೂ ಎಲ್ಲರನ್ನೂ ಕರೆದ್ರಲ್ಲ ಸಾರ್" ಎಂದೆ.

ಅವರು ಗಾಜಿನಾಚೆ ನೋಡಿದರು. "ಕರೆದೆ. ಹೇಳ್ಬೇಕು ಅಂತಾನೇ ಕರೆದೆ. ಇದು ಲೆಕ್ಕ ಕಣ್ರೀ, ಬಿಡಿಸಿದ್ರೆ ಮುಗೀತು ಅಂದ್ಕೊಂಡಿದ್ದೆ. ಆಮೇಲೆ ಅವನ ಕೈ ನೋಡ್ದೆ." ಡ್ಯಾಶ್‌ಬೋರ್ಡಿನ ಮೇಲಿದ್ದ ಲೋಟ ಎತ್ತಿಕೊಂಡು ಹೇಳಿದರು: "ಕೊನೇ ಅಧ್ಯಾಯದಲ್ಲಿ ಕೊಲೆಗಾರನ್ನ ಕರ್ಕೊಂಡು ಹೋಗ್ತಾರೆ, ಉಳಿದೋರು ಟೀ ಕುಡೀತಾರೆ. ಮಾರನೇ ದಿನ ಆ ಮನೆಯೋರು ಏನು ಊಟ ಮಾಡಿದ್ರು ಅಂತ ಒಂದು ಪುಸ್ತಕದಲ್ಲೂ ಬರ್ದಿಲ್ಲ. ಇಷ್ಟು ಓದಿದೀನಿ, ನಂಗೂ ಹೊಳೆದಿರ್ಲಿಲ್ಲ."

ಇದನ್ನು ಕೇಳಿ ಅವರನ್ನು ಸಂತನೆಂದು ತಿಳಿಯಬಾರದು. ಮನೆ ತಲುಪುವವರೆಗೂ ಗೊಣಗಿದರು. "ಎಂಥಾ ಬಿಡಿಸಿದ್ದೆ ರೀ! ಒಂದೇ ಒಂದು ಅಗುಳಿನ ಮೇಲೆ ಇಡೀ ಕೇಸು! ಈಗ ನೋಡಿ, ಗೊಬ್ಬರದ ಲೆಕ್ಕ ಗೊತ್ತಿಲ್ಲದ ಪೆದ್ದ ಅನ್ನಿಸ್ಕೊಂಡೆ. ಆ ಶೆಟ್ಟಿ ಹೇಗೆ ನಕ್ಕ ನೋಡಿದ್ರಾ?" ಶೆಟ್ಟರು ನಗುವುದನ್ನು ನಿಲ್ಲಿಸಲೇ ಇಲ್ಲ. ಕೊಲೆಗಾರರು ಎಂಬ ಹೆಸರು ಕಾಂಪೌಂಡ್ ದಾಟಿ ಕನ್ನಡದವರ ಕೂಟಗಳಿಗೂ ಹೋಯಿತು. ಹೊಸ ಸಸಿ ಬಂದಾಗ ಅದನ್ನು ಅಡುಗೆಮನೆಗಳಿಂದ ದೂರ, ಮುಂದಿನ ಗೋಡೆಯ ಬದಿಯಲ್ಲೇ ನೆಡಬೇಕೆಂದು ಅವರು ಹಟ ಹಿಡಿದು ನೆಡಿಸಿದರು. ನೆಟ್ಟ ಮೇಲೆ ಮೇಡಂ ಅದರ ಸುತ್ತ ತಂತಿಬೇಲಿ ಹಾಕಿಸಿ, ಗಂಡ ಅದರ ಹತ್ತಿರ ಸುಳಿಯಕೂಡದೆಂದು ಹಾರಿಸನಿಗೆ ಅಪ್ಪಣೆ ಮಾಡಿದರು. ಹಾರಿಸ್ ಅದನ್ನು ನಿಷ್ಠೆಯಿಂದ ಪಾಲಿಸಿದ. ಸಾರ್ ಬೇಲಿಯ ಹತ್ತಿರ ಹೋದರೆ ಸಾಕು, "ಸಾರ್, ಬೇಡ ಸಾರ್" ಎಂದು ಓಡಿಬರುತ್ತಿದ್ದ.

ಆಮೇಲೆ ನಿವೃತ್ತಿಯಾಯಿತು. ಇಲ್ಲಿ ಕೆಲಸ ಮುಗಿದರೆ ವಾಸವೂ ಮುಗಿದ ಹಾಗೆ. ಮೈಸೂರಿಗೆ ಹೋದರು. ವಿಲ್ಲಾವನ್ನು ಮಾಲೀಕರು ಒಡೆಸಿ ಹೊಸದಾಗಿ ಕಟ್ಟಿಸಿದರು. ನಾವೂ ಚದುರಿದೆವು.

ಸಾವಿನ ಸುದ್ದಿ ಬಂದ ವಾರ ನಾನು ದೋಹಾದ ಹೊರಗಿನ ಉಮ್ಮ್ ಸಲಾಲ್ ಕಡೆ ಹೋಗಿದ್ದೆ. ಅಲ್ಲಿ ವಿನೋದಕ್ಕನ ಹೋಟೆಲ್ಲಿದೆ, ಈಗ ಲೈಸೆನ್ಸು, ಬೋರ್ಡು ಎಲ್ಲ ಇರುವ ಹೋಟೆಲ್ಲು. ಗಂಡ ಕ್ಯಾಶ್‌ನಲ್ಲಿ ಕೂರುತ್ತಾರೆ. ಅವರಿಬ್ಬರೂ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿಲ್ಲ, ಆದ್ದರಿಂದ ನಾನೇ ಹೇಳಬೇಕಾಯಿತು. ವಿನೋದಕ್ಕ ಸೌಟು ಹಿಡಿದವರು ಹಾಗೇ ಎದುರಿನ ಕುರ್ಚಿಯಲ್ಲಿ ಕುಳಿತರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಒಳ್ಳೆ ಜನ ಮಾರಾಯ್ರೆ. ಅವತ್ತು ಅವರ ಮನೇಲಿ ಚಾ ಕುಡೀಲಿಕ್ಕೆ ಕೂತಾಗ ನನಗೆ ಜೀವವೇ ಹೋಗಿತ್ತು. ಆಗ ನಾವು ಕದ್ದು ಅಡುಗೆ ಮಾಡ್ತಾ ಇದ್ದದ್ದು ನಿಮಗೆ ಗೊತ್ತಿಲ್ಲ. ಎಲ್ಲಿ ಹೊರಗೆ ಬೀಳ್ತದೋ, ನಮ್ಮನ್ನು ಊರಿಗೆ ಕಳಿಸ್ತಾರೋ ಅಂತ. ಪಾಪ, ಅವರಿಗೆ ಎಂತದೂ ಗೊತ್ತಿರ್ಲಿಲ್ಲ."

ನಾನು ಅನ್ನಕ್ಕೆ ಸಾರು ಕಲೆಸಿಕೊಂಡೆ.

"ಒಂದೇ ಬೇಜಾರು" ಎಂದರು ವಿನೋದಕ್ಕ. "ಸತ್ತವರ ಬಗ್ಗೆ ಹೇಳಬಾರ್ದು. ಆದ್ರೆ ಆ ಬೇವಿನ ಗಿಡ ಉಂಟಲ್ಲ, ಅದನ್ನು ನಾನು ಸಾಕಿದ ಹಾಗೆ ಯಾರೂ ಸಾಕ್ಲಿಲ್ಲ. ದಿನಾ ಬೆಳಿಗ್ಗೆ ಅನ್ನ ಬಸಿದ ತೆಳಿ, ಬಿಸಿ ಬಿಸಿ, ಸತ್ತ್ವ ಹೋಗ್ಬಾರ್ದು ಅಂತ ಆರ್ಲಿಕ್ಕೂ ಬಿಡದೆ ಬುಡಕ್ಕೆ ತಂದು ಹಾಕ್ತಿದ್ದೆ. ಅವರು ಒಂದು ಮುಷ್ಟಿ ಗೊಬ್ಬರ ಹಾಕಿ ಕೊಂದೇ ಬಿಟ್ರು."

ನನ್ನ ಬಾಯಲ್ಲಿ ತುತ್ತಿತ್ತು. ತಲೆಯಾಡಿಸಿದೆ. ಅವರು ಎದ್ದು, ಬೇಡವೆಂದರೂ ಕೇಳದೆ, ಇನ್ನೊಂದು ಸೌಟು ಅನ್ನ ಬಡಿಸಿದರು.